ಜಲಜಮ್ಮ ಬೆನ್ನು ತಿರುಗಿಸಿ ಕೂರುವುದು ಯಾಕೆ?

ಕೋಣಂದೂರಿನಾಚೆಯ ಬಾಳೆತೋಟದಲ್ಲಿ ಬೆಳಗಿನ ಮಂಜು ಇನ್ನೂ ಬಿಟ್ಟಿಲ್ಲ. ಜಲಜಮ್ಮ ಕೈಗಾಡಿ ನಿಲ್ಲಿಸಿ, ಗೋಣಿಯ ಮೇಲೆ ಮಲಗಿದ್ದ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಹಲಸಿನ ಮರದ ಬುಡದಲ್ಲಿ ಇಳಿಸುತ್ತಾರೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಣ್ಣೆಡಬ್ಬ ಬಡಿಯುತ್ತಾ ಒಳಗೆ ನುಗ್ಗುತ್ತಾರೆ. ಅವರ ಕೂಗಿಗೆ ರಸ್ತೆಯಲ್ಲಿ ಹೋಗುವ ಬೈಕಿನವರೂ ಒಮ್ಮೆ ಬ್ರೇಕು ಹಾಕಬೇಕು. ಗೊನೆಗೆ ಮುತ್ತಿದ ಮಂಗಗಳು ಮಾತ್ರ ಜಗ್ಗುವುದಿಲ್ಲ. ಅಷ್ಟರಲ್ಲಿ ಹಲಸಿನ ಬುಡದಿಂದ ಕೆಂಪಿ ಒಮ್ಮೆ ಬೊಗಳುತ್ತದೆ. ದನಿ ಬಿದ್ದುಹೋಗಿದೆ, ಆದರೂ ಇಡೀ ಹಿಂಡು ಗುಡ್ಡದ ಕಡೆ ಹಾರುತ್ತದೆ.

"ಇವಳಿಗೆ ಓಡಕ್ಕಾಗಲ್ಲ ಅಂತ ಅವಕ್ಕಿನ್ನೂ ಗೊತ್ತಾಗಿಲ್ಲ," ಎಂದು ಜಲಜಮ್ಮ ಪಿಸುಗುಟ್ಟುತ್ತಾರೆ. "ಜೋರಾಗಿ ಹೇಳ್ಬೇಡಿ ಮಾರಾಯ್ರೆ."

ಸುತ್ತಲಿನ ಐದಾರು ತೋಟಗಳಲ್ಲಿ ಮಂಗ ಓಡಿಸುವುದು ಅವರ ಕೆಲಸ. ಬೆಳಕು ಹರಿಯುವ ಮುಂಚೆ ಬರಬೇಕು, ಮಂಗಗಳು ಮರ ಸೇರಿದ ಮೇಲೆ ಮನೆಗೆ. ಹಬ್ಬಕ್ಕೂ ರಜೆಯಿಲ್ಲ, ಮಂಗಗಳಿಗೆ ಹಬ್ಬವಿಲ್ಲವಲ್ಲ. ಬಾಳೆಗೊನೆ ನೆಟ್ಟಗೆ ಮಾರುಕಟ್ಟೆ ಸೇರಿದರೆ ಅದರಲ್ಲಿ ಇವರ ಪಾಲೂ ಇದೆಯೆಂದು ಯಾರೂ ನೆನೆಯುವುದಿಲ್ಲ. "ಮಂಗ ಬರದ ದಿನ 'ಇವತ್ತೇನು ಕೆಲಸ ಮಾಡ್ದೆ' ಅಂತಾರೆ. ಬಂದ ದಿನ 'ಎಲ್ಲಿ ಮಲಗಿದ್ದೆ' ಅಂತಾರೆ," ಎಂದು ಅವರು ನಗುತ್ತಾರೆ.

ನಾಯಿಯನ್ನು ಗಾಡಿಯಲ್ಲಿ ತಳ್ಳಿಕೊಂಡು ಹೋಗುವ ಅವರ ಫೋಟೋ ಈಚೆಗೆ ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡಿದೆ. ಹೆತ್ತ ತಾಯಿಯೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಜನ ಹೊಗಳುತ್ತಾರೆ. ಆ ಮಾತೆತ್ತಿದರೆ ಜಲಜಮ್ಮನ ನಗು ನಿಂತುಹೋಗುತ್ತದೆ. "ಹಂಗೆ ಬರೀಬೇಡಿ. ಬರೆಯೋದಾದ್ರೆ ಪೂರ್ತಿ ಬರೀರಿ," ಎನ್ನುತ್ತಾರೆ.

ಹೊಟ್ಟೆ ತುಂಬಿದ ನಾಯಿ ಮಂಗನ ಹಿಂದೆ ಓಡುವುದಿಲ್ಲ ಎಂಬುದು ಈ ಕೆಲಸದವರ ನಂಬಿಕೆ. ಕೆಂಪಿಗೆ ದಿನಕ್ಕೊಂದೇ ಊಟ, ಅದೂ ಕೆಲಸ ಮುಗಿದ ಮೇಲೆ. ಅನ್ನ ಮುಂದಿಟ್ಟರೂ ಜಲಜಮ್ಮ "ತಿನ್ನು" ಎನ್ನುವವರೆಗೆ ಬಾಯಿ ಹಾಕಬಾರದು. ಮರಿಯಾಗಿದ್ದಾಗ ಕೋಲು ಹಿಡಿದು ಕಲಿಸಿದ ಪಾಠ ಅದು.

ಹೋದ ಮಳೆಗಾಲ ಕಳೆದ ಮೇಲೆ ಕೆಂಪಿಯ ಓಟ ನಿಧಾನವಾಯಿತು, ಹೊಟ್ಟೆ ಗುಂಡಗಾಯಿತು. ಯಾರದೋ ಮನೆಯಲ್ಲಿ ಕದ್ದು ತಿಂದು ಕೊಬ್ಬಿದೆ ಎಂದೇ ಜಲಜಮ್ಮ ತೀರ್ಮಾನಿಸಿದರು. ಇದ್ದ ಒಂದು ಊಟವನ್ನೂ ಅರ್ಧ ಮಾಡಿದರು. ಸಾಲದ್ದಕ್ಕೆ ಪಕ್ಕದ ಮನೆ ಪ್ರತಿಮಾಳ ಗೇಟಿನ ಮುಂದೆ ನಿಂತು, ಊರಿಗೆಲ್ಲ ಕೇಳುವಂತೆ ಬೈದು ಬಂದರು. "ಒಂದು ತುತ್ತೂ ಹಾಕಿಲ್ಲ ಜಲಜಕ್ಕ, ದೇವರಾಣೆ," ಎಂದು ಆಕೆ ಅತ್ತರೂ ನಂಬಲಿಲ್ಲ.

ಒಂದು ಬೆಳಿಗ್ಗೆ ಕೆಂಪಿ ತೋಟದಲ್ಲೇ ಕುಸಿಯಿತು. ತೋಟದ ಮಾಲೀಕ ನಿರಂಜನ ಅದನ್ನೂ ಜಲಜಮ್ಮನನ್ನೂ ಜೀಪಿನಲ್ಲಿ ತೀರ್ಥಹಳ್ಳಿಗೆ ಕರೆದೊಯ್ದರು. ಹೊಟ್ಟೆಯೊಳಗೆ ಗಡ್ಡೆಯಿದೆ, ಈ ಉಬ್ಬರವೆಲ್ಲ ಅದರದ್ದೇ, ಆಪರೇಷನ್ ಮಾಡುವ ಹಂತ ಮೀರಿದೆ, ಇನ್ನು ಕೆಲವೇ ತಿಂಗಳು ಎಂದರು ಪಶುವೈದ್ಯೆ ಸುಚಿತ್ರಾ. ಬೆನ್ನ ಮೇಲೆ ಕೈಯಾಡಿಸಿ, "ಎಲುಬು ಕಾಣ್ತಿದೆಯಲ್ಲ, ಊಟ ಕಡಿಮೆ ಮಾಡಿದ್ರಾ?" ಎಂದೂ ಕೇಳಿದರು.

"'ಇಲ್ಲ' ಅಂದ್ಬಿಟ್ಟೆ," ಎನ್ನುತ್ತಾರೆ ಜಲಜಮ್ಮ. "ಸಾಯೋ ಜೀವ ಪಕ್ಕದಲ್ಲಿತ್ತು, ನನ್ನ ಮರ್ಯಾದೆ ಉಳಿಸ್ಕಳಕ್ಕೆ ಸುಳ್ಳು ಹೇಳ್ದೆ. ಅದು ನನ್ನ ಕೈ ನೆಕ್ತಾ ಇತ್ತು ಕಣ್ರೀ."

ಈಗ ದಿನವೂ ಗಂಜಿ, ಮೊಟ್ಟೆ, ಮುಳ್ಳು ಬಿಡಿಸಿದ ಮೀನು. ಬಿಸಿಲೇರಿದ ಮೇಲೆ ಇಬ್ಬರೂ ಹಳ್ಳದ ದಂಡೆಯಲ್ಲಿ ಕೂರುತ್ತಾರೆ. ಕೆಂಪಿಯ ಕಾಲು ನೀರಲ್ಲಿ, ತಲೆ ಜಲಜಮ್ಮನ ತೊಡೆಯ ಮೇಲೆ. ಬೇರೆ ಮರಿ ತಂದುಕೊಡುತ್ತೇನೆಂದು ನಿರಂಜನ ಹೇಳಿದ್ದಾರೆ, ಇದರ ಕಣ್ಣೆದುರಿಗೆ ಬೇಡವೆಂದು ಇವರು ತಡೆದಿದ್ದಾರೆ. ಬೈಸಿಕೊಂಡ ಪ್ರತಿಮಾಳೇ ವಾರಕ್ಕೆರಡು ಸಲ ಕೋಳಿ ಬೇಯಿಸಿದ ನೀರನ್ನು ಡಬ್ಬಿಯಲ್ಲಿ ಕಳಿಸುತ್ತಾಳೆ. "ಡಬ್ಬಿ ವಾಪಸ್ ಕೊಡಕ್ಕೆ ಹೋದ್ರೆ ತಲೆ ಎತ್ತಕ್ಕಾಗಲ್ಲ. ಅವಳು ತಿರುಗಿ ಬೈದಿದ್ರೆ ಎಷ್ಟೋ ಹಗುರಾಗ್ತಿತ್ತು," ಎನ್ನುತ್ತಾರೆ.

ಮಧ್ಯಾಹ್ನ ಹಳ್ಳದ ದಂಡೆಯಲ್ಲೇ ಊಟ. ಜಲಜಮ್ಮ ಮೀನು ಕಲಸಿದ ಅನ್ನದ ತಟ್ಟೆಯನ್ನು ಕೆಂಪಿಯ ಮೂತಿಯ ಹತ್ತಿರ ಇಡುತ್ತಾರೆ. ಕೆಂಪಿ ತಟ್ಟೆ ಮೂಸುವುದಿಲ್ಲ, ಅವರ ಮುಖ ನೋಡುತ್ತದೆ.

"ಇದೊಂದು ಪಾಠ ಮರೆಸಕ್ಕಾಗ್ತಿಲ್ಲ," ಎನ್ನುತ್ತಾ ಅವರು ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸುತ್ತಾರೆ. "ಹೋಗೋದ್ರೊಳಗೆ ಒಂದು ಸಲ, ಒಂದೇ ಸಲ, ನನ್ನ ಕೇಳ್ದೆ ತಿನ್ಲಿ. ಕದ್ದು ತಿಂದ್ರೂ ಸರಿ. ಬೇರೇನೂ ಬೇಡ ನಂಗೆ."

ಹಾಗೆಂದು ಅವರು ಹಳ್ಳದ ಕಡೆ ಮುಖ ಮಾಡಿ, ನಾಯಿಗೆ ಬೆನ್ನು ತಿರುಗಿಸಿ ಕೂರುತ್ತಾರೆ. ದಿನಾ ಹೀಗೇ ಕೂರುತ್ತಾರಂತೆ. ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅನ್ನದ ಮೇಲೆ ನೊಣ ಕೂರುತ್ತದೆ. ಕೆಂಪಿ ಆ ಬೆನ್ನನ್ನೇ ನೋಡುತ್ತಾ ಕಾಯುತ್ತದೆ.

ಕೊನೆಗೆ ಜಲಜಮ್ಮನೇ ಸೋಲುತ್ತಾರೆ. ತಿರುಗದೆಯೇ, ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳುತ್ತಾರೆ:

"ತಿನ್ನು ಮಗಾ."