ಹುಲಿಗೆಜ್ಜಿ ಮನೆಯ ಹೆಚ್ಚಿನ ಎಲೆ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿದ ಅಜ್ಜ, ಇಂಥ ಮಾತು ಬಂದರೆ ನಾನು ಮೊದಲಿನಿಂದಲೂ ಮೂಗು ಮುರಿಯುವವಳು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಕಣ್ಣಿಗೆ ಕಂಡದ್ದನ್ನೂ ಇನ್ನೊಮ್ಮೆ ನೋಡಿ ಎಂದು ಮಕ್ಕಳನ್ನು ಗದರಿಸಿದವಳು. ಬೆಳಗಾವಿಯ ಸದಾಶಿವನಗರದ ನನ್ನ ವಾಕಿಂಗ್ ಗೆಳತಿಯರು ಇಂಥ ಕತೆ ಶುರು ಮಾಡಿದ್ದರೆ, ನಾನು ಬಂದದ್ದು ಕಂಡ ಕೂಡಲೇ ತರಕಾರಿ ರೇಟಿನ ಮಾತು ತೆಗೆಯುತ್ತಿದ್ದರು. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನಂಬಿ ಎಂದು ಒತ್ತಾಯಿಸುವುದಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ನಮ್ಮ ಅಡ್ಡಹೆಸರು ಹುಲಿಗೆಜ್ಜಿ. ಅದೇ ಬೆಳಗಾವಿಯ ಶಹಾಪುರದಲ್ಲಿ ತಲೆತಲಾಂತರದಿಂದ ಸೀರೆ ನೇಯ್ದ ಮನೆತನ. ಸೆರಗು ನೋಡಿಯೇ ಇದು ಹುಲಿಗೆಜ್ಜಿಯವರ ಮಗ್ಗದ್ದು ಎಂದು ಹೇಳುವವರು ಪೇಟೆಯಲ್ಲಿದ್ದರು. ಮದುವೆಯಾದ ಮೇಲೂ ನಾನು ಆ ಹೆಸರು ಬಿಡಲಿಲ್ಲ. ಜಂಬ ಎಂದರೆ ಜಂಬ. ಅದನ್ನು ಹೇಳುವಾಗ ಈಗಲೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಉಂಟು. ಮದುವೆಯ ಊಟಕ್ಕೆ ಪಂಕ್ತಿ ಕೂಡುವ ಮುನ್ನ ಒಂದು ಎಲೆ ಹೆಚ್ಚಿಗೆ ಹಾಕಿ, ಅದಕ್ಕೆ ಎಲ್ಲವನ್ನೂ ಬಡಿಸುತ್ತಾರೆ. ಮನೆಯ ಹಿರಿಯ ಬಾಗಿಲಲ್ಲಿ ನಿಂತು ಬೀದಿಯ ಕಡೆಗೆ ಕೂಗುತ್ತಾನೆ: "ಬಾರೋ ತಮ್ಮಾ, ಎಲಿ ಹಾಕೈತಿ!" ಯಾರೂ ಬರುವುದಿಲ್ಲ. ಸ್ವಲ್ಪ ಹೊತ್ತು ಕಾದು ಉಳಿದವರು ಉಣ್ಣುತ್ತಾರೆ, ಆ ಎಲೆಯ ಊಟ ಆಕಳಿಗೆ ಹೋಗುತ್ತದೆ. ಆ ತಮ್ಮ ಯಾರು, ಯಾವಾಗ ಎಲ್ಲಿಗೆ ಹೋದ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ನನಗೆ ತಿಳಿವಳಿಕೆ ಬಂದಾಗಿನಿಂದ ಹಾಗೆ ಕೂಗುತ್ತಿದ್ದವರು ನಮ್ಮ ದೊಡ್ಡಪ್ಪ. ಮಗ್ಗದ ಸದ್ದನ್ನೂ ಮೀರಿಸುವ ಗಂಟಲು ಅವರದು. ನಾವು ಮಕ್ಕಳು ಅಣಕಿಸಿ ನಕ್ಕರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. "ನಗರಿ, ನಗರಿ. ಒಂದಿನಾ ಬರತಾನ ಅಂವಾ. ನಾ ಅವನ ಎಲಿಗೆ ತುಪ್ಪಾ ಬಡಿಸೇ ಸಾಯಾಂವ" ಎನ್ನುತ್ತಿದ್ದರು.

ಆ ದೊಡ್ಡಪ್ಪನಿಗೆ ಲಕ್ವಾ ಹೊಡೆದು ಮಾತು ನಿಂತುಹೋಯಿತು. ಬಲಗೈಯೂ ಬಿದ್ದುಹೋಯಿತು. ಅಷ್ಟರಲ್ಲಿ ಅವರ ಮೊಮ್ಮಗಳ ಮದುವೆ ನಿಶ್ಚಯವಾಯಿತು. ಕೂಗುವವರಿಗೆ ದನಿ ಇಲ್ಲ, ಬರಬೇಕಾದವನ ಸುಳಿವಿಲ್ಲ. ಅವರು ದಿನವಿಡೀ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದರು.

ಅದೇ ದಿನಗಳಲ್ಲಿ ನನ್ನ ತಮ್ಮ ಅನಗೋಳದ ತನ್ನ ಮನೆಯ ಹಳೆ ಹಂಚು ಇಳಿಸಿದ. ಅದು ಅವನು ಯಾರಿಂದಲೋ ಕೊಂಡ ಮನೆ. ಹಂಚುಗಳ ಬೆನ್ನಿಗೆ ಮರಾಠಿ ಅಕ್ಷರದಲ್ಲಿ ಅಚ್ಚೊತ್ತಿತ್ತು: ಹುಲಿಗೆಜ್ಜಿ, ಖಾನಾಪುರ. ಇಷ್ಟು ವರ್ಷ ಪುಣ್ಯಾತ್ಮ ತನ್ನದೇ ಹೆಸರಿನ ಕೆಳಗೆ ಗೊರಕೆ ಹೊಡೆದಿದ್ದ! ವಿಚಾರಿಸಿದೆವು. ಒಂದು ಕಾಲಕ್ಕೆ ಹಂಚಿನ ಭಟ್ಟಿ ನಡೆಸುತ್ತಿದ್ದ ಆ ಮನೆತನ ಖಾನಾಪುರದಲ್ಲಿ ಈಗಲೂ ಇತ್ತು. ಮನೆಮಾತು ಮರಾಠಿ, ಅಡ್ಡಹೆಸರು ಮಾತ್ರ ಅಚ್ಚಗನ್ನಡ.

ದೊಡ್ಡಪ್ಪನಿಗೆ ಹೇಳಿದಾಗ ಅವರ ಕಣ್ಣು ತುಂಬಿದವು. ನನಗೆ ಪುರಾವೆ ಬೇಕಿತ್ತು. ನಮ್ಮ ಕಡೆ ಪಾಟೀಲ, ದೇಸಾಯಿ ಎಂಬ ಹೆಸರಿನವರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಹೆಸರು ಒಂದಾದರೆ ರಕ್ತ ಒಂದೇ ಆಗಬೇಕಿಲ್ಲ. ಡಿಎನ್‌ಎ ಪರೀಕ್ಷೆ ಮಾಡಿಸೋಣ ಎಂದೆ. ಅಡ್ಡಹೆಸರಿನ ಹಾಗೆಯೇ ತಂದೆಯಿಂದ ಗಂಡುಮಗನಿಗೆ ಮಾತ್ರ ಇಳಿಯುವ ಒಂದು ವರ್ಣತಂತು ಇದೆ. ಎರಡು ಮನೆಯ ಗಂಡಸರಲ್ಲಿ ಅದು ಹೊಂದಿದರೆ ಮೂಲಪುರುಷ ಒಬ್ಬನೇ. ಹೆಸರಿಗಾಗಿ ಇಷ್ಟು ಹೊಡೆದಾಡಿದ ನನ್ನ ಮೈಯಲ್ಲಿ ಅದು ಇಲ್ಲ, ತಮ್ಮನ ಮೈಯಲ್ಲಿದೆ. "ನೋಡಕ್ಕಾ, ಜಂಬಾ ನಿಂದು, ಗುರುತು ನಂದು" ಎಂದು ಅವನು ದಾರಿಯುದ್ದಕ್ಕೂ ಕಾಡಿಸಿದ.

ನಾವು ಖಾನಾಪುರಕ್ಕೆ ಹೋದದ್ದು ಒಂದು ಮಧ್ಯಾಹ್ನ. ಮನೆಯ ಯಜಮಾನರು ದೊಡ್ಡಪ್ಪನಿಗಿಂತ ಚಿಕ್ಕವರು, ನನಗಿಂತ ಸಾಕಷ್ಟು ಹಿರಿಯರು; ಕಾಕಾ ಎಂದು ಕರೆದೆ. ನಮಗಾಗಿ ಮನೆಯವರೆಲ್ಲ ಕನ್ನಡದಲ್ಲೇ ಮಾತಾಡಿದರು. "ಬರ್ರಿ, ಕುಂದರ್ರಿ. ನಾವೂ ಹುಲಿಗೆಜ್ಜಿನಽ ರೀ. ಅದರ ಅರ್ಥಾ ಮಾತ್ರ ನಮ್ಮನ್ನ ಕೇಳಬ್ಯಾಡ್ರಿ" ಎಂದು ನಕ್ಕರು. ಕೆನ್ನೆಯ ಒಳಗಿನಿಂದ ಮಾದರಿ ತೆಗೆಯುವ ಮುನ್ನ ಏನೂ ತಿನ್ನಬಾರದು, ಎಲೆ ಅಡಿಕೆಯೂ ಕೂಡದು ಎಂದು ಫೋನಿನಲ್ಲಿ ಕಟ್ಟಪ್ಪಣೆ ಮಾಡಿದ್ದೆ. ಅವರು ಬೆಳಗಿನಿಂದ ಚಹಾ ಸಹ ಮುಟ್ಟಿರಲಿಲ್ಲ. ಅವರ ಹೆಂಡತಿಗೆ ನನ್ನ ಮೇಲೆ ಕೋಪ. "ಬಳಗಾ ಹುಡಕಾಕ ಬಂದೀರೋ, ಉಪಾಸ ಕೆಡವಾಕ ಬಂದೀರೋ?" ಎಂದು ಕೇಳಿಯೇಬಿಟ್ಟರು.

ಹತ್ತಿಯ ಕಡ್ಡಿಯಿಂದ ಕೆನ್ನೆ ಉಜ್ಜಿ, ಕೊಳವೆಗೆ ಹಾಕಿ ಮುಚ್ಚಿದ ಮರುಕ್ಷಣವೇ ಎಲೆ ಹಾಕಿದರು. ಅಕ್ಕಿ ರೊಟ್ಟಿ, ಬಿಸಿ ಅನ್ನ, ಕಟ್ಟಿನ ಸಾರು. ಇಲ್ಲಿ ಒಂದು ಮಾತು ಸ್ಪಷ್ಟ ಹೇಳಬೇಕು. ನಮ್ಮ ಮನೆಯ ಹೆಚ್ಚಿನ ಎಲೆಯ ಸಂಗತಿಯನ್ನು ಅವರಿಗೆ ನಾನಾಗಲಿ ತಮ್ಮನಾಗಲಿ ಹೇಳಿರಲಿಲ್ಲ. ಬೇಕೆಂದೇ ಹೇಳಿರಲಿಲ್ಲ. ವರದಿ ಬರುವ ಮೊದಲು ಯಾರ ಮನಸ್ಸಿನಲ್ಲೂ ಏನನ್ನೂ ಬಿತ್ತಬಾರದು ಎಂಬುದು ನನ್ನ ಶಿಸ್ತು.

ಮೊದಲ ತುತ್ತು ಬಾಯಿಗಿಟ್ಟಿದ್ದೆ. ಗೇಟಿನ ಕಡೆಯಿಂದ ದೊಡ್ಡಪ್ಪನ ದನಿ ಕೇಳಿತು.

"ಬಾರೋ ತಮ್ಮಾ, ಎಲಿ ಹಾಕೈತಿ!"

ಅದು ಹಳೆಯ ನೆನಪಲ್ಲ, ಭ್ರಮೆಯ ಗುಂಗೂ ಅಲ್ಲ. ಹಳೆಯ ದೊಡ್ಡಪ್ಪ, ಹಳೆಯ ಗಂಟಲು. ನನ್ನ ಕೈ ಅಲ್ಲೇ ನಿಂತಿತು. ತಮ್ಮನ ಕಡೆ ನೋಡಿದೆ, ಅವನು ಆರಾಮವಾಗಿ ರೊಟ್ಟಿ ಮುರಿಯುತ್ತಿದ್ದ. ಆದರೆ ಎದುರಿಗೆ ಕೂತಿದ್ದ ಕಾಕಾ ದಡಬಡಿಸಿ ಎದ್ದರು. ಬಾಗಿಲ ಕಡೆ ತಿರುಗಿ, ಎರಡೂ ಕೈ ಮುಗಿದು ಗಟ್ಟಿಯಾಗಿ ಹೇಳಿದರು: "ಆಲೋ ದಾದಾ, ಆಲೋ!" ಬಂದೆ ಅಣ್ಣಾ, ಬಂದೆ ಎಂದು ಅರ್ಥ.

"ಈಗ ಯಾಕ ಅದನ್ನ ಹೇಳತೀರಿ? ಇದೇನ ಲಗ್ನಾನ?" ಎಂದು ಅವರ ಹೆಂಡತಿ ಗಾಬರಿಯಾದರು.

"ಯಾರೋ ಕರದ್ರಲ್ಲಾ... ಕನ್ನಡದಾಗ ಕರದ್ರು" ಎಂದ ಕಾಕಾ ಮೆಲ್ಲನೆ ಕೂತರು. ಆಮೇಲೆ ನಮಗೆ ವಿವರಿಸಿದರು. ಅವರ ಮನೆಯ ಮದುವೆಗಳಲ್ಲಿ ಊಟಕ್ಕೆ ಮುಂಚೆ ಹಿರಿಯನೊಬ್ಬ ಎದ್ದು ಬೆಳಗಾವಿಯ ದಿಕ್ಕಿಗೆ ಕೈ ಮುಗಿದು ಹಾಗೆ ಓಗೊಡಬೇಕು. ಯಾರು ಕರೆದದ್ದಕ್ಕೆ ಈ ಉತ್ತರ ಎಂಬುದು ಅವರಿಗೂ ಗೊತ್ತಿಲ್ಲ. ನನಗೆ ಅಳುವೂ ಬಂತು, ಹಿಗ್ಗೂ ಆಯಿತು. ಕರೆ ನಮ್ಮ ಮನೆಯಲ್ಲಿ ಉಳಿದಿತ್ತು, ಓ ಎನ್ನುವುದು ಅವರ ಮನೆಯಲ್ಲಿ ಉಳಿದಿತ್ತು. ಎರಡೂ ಮನೆಯವರು ಕಾರಣ ಮರೆತರೂ ಮಾತು ಬಿಟ್ಟಿರಲಿಲ್ಲ.

ಅಂಗಳಕ್ಕೆ ಬಂದು ಶಹಾಪುರಕ್ಕೆ ಫೋನು ಮಾಡಿದೆ. ದೊಡ್ಡಪ್ಪನ ಸೊಸೆ, ನಮ್ಮ ವೈನಿ, ಎತ್ತಿದರು. ದೊಡ್ಡಪ್ಪ ಮಾತಾಡಿದರೇ ಎಂದು ಕೇಳಿದೆ. "ಎಲ್ಲೀದು ಮಾತು? ಆದ್ರ ಇವತ್ತ ಭಾಳ ಹಟಾ ಮಾಡಿದ್ರವಾ. ಬಾಜೂಕ ಇನ್ನೊಂದು ಎಲಿ ಹಾಕಸಿಕೊಂಡು ಬಾಗಲಾ ನೋಡಕೋತ ಕುಂತಿದ್ರು. ಈಗ ತಾನಾ ನಕ್ಕೋತ ಉಣ್ಣಾಕ ಹತ್ಯಾರ" ಎಂದರು. ನಾವು ಹೋಗುವುದು ದೊಡ್ಡಪ್ಪನಿಗೆ ಗೊತ್ತಿತ್ತು, ಹಾಗಾಗಿ ಎಲೆ ಹಾಕಿಸಿದ್ದಕ್ಕೆ ಕಾರಣ ಉಂಟು. ದನಿಗೆ ಇಲ್ಲ.

ಕೆಲವು ವಾರಗಳ ನಂತರ ವರದಿ ಬಂತು. ಎರಡು ಮನೆಯ ಗಂಡುವಂಶದ ಗುರುತು ಹೊಂದುವುದಿಲ್ಲ ಎಂದಿತ್ತು. ಹತ್ತಿರದಲ್ಲಿ ಮಾತ್ರವಲ್ಲ, ದೂರದಲ್ಲೂ ಇಲ್ಲ. "ಹರದು ಒಗಿ ಅಕ್ಕಾ" ಎಂದ ತಮ್ಮ. ನಾನು ಹರಿಯಲಿಲ್ಲ, ಅದು ಸರಿಯಾದ ವರದಿಯೇ. ಹಿಂದೆ ಯಾವ ಮನೆಯಲ್ಲೋ ದತ್ತಕ ಆಗಿರಬಹುದು. ಹೋದ ತಮ್ಮನು ಸಾಕಿಕೊಂಡ ತಮ್ಮನೇ ಇದ್ದಿರಬಹುದು. ಮಗ್ಗದ ಮನೆಯಲ್ಲಿ ಜೊತೆಗೆ ಕೂತು ಉಂಡವನಿಗೆ ಮನೆಯ ಹೆಸರು ಕೊಟ್ಟಿರಲೂಬಹುದು. ದೊಡ್ಡಪ್ಪನ ಮುಂದೆ ಕೂತು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಡಗೈಯಿಂದ ನೊಣ ಓಡಿಸಿದ ಹಾಗೆ ಮಾಡಿ, ಬಾಗಿಲ ಕಡೆ ಬೆರಳು ತೋರಿ, ಅದೇ ಬೆರಳುಗಳನ್ನು ಒಟ್ಟುಗೂಡಿಸಿ ಬಾಯಿಗೆ ತಂದರು. ಅವರನ್ನು ಊಟಕ್ಕೆ ಕರೆಯಿರಿ ಎಂದು.

ಮದುವೆ ಶಹಾಪುರದಲ್ಲೇ ಆಯಿತು. ಪಂಕ್ತಿ ಸಿದ್ಧವಾಯಿತು, ಹೆಚ್ಚಿನ ಎಲೆಯೂ ಬಿತ್ತು. ಈಗ ಕೂಗುವವರು ಯಾರು? ಮನೆಯ ಗಂಡಸರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪ ಕುರ್ಚಿಯಲ್ಲಿ ಕೂತೇ ನನ್ನನ್ನು ತೋರಿಸಿದರು. ನಮ್ಮ ಮನೆಯಲ್ಲಿ ಹೆಣ್ಣು ಆ ಬಾಗಿಲಲ್ಲಿ ನಿಂತು ಕೂಗಿದ್ದಿಲ್ಲ. ಪರೀಕ್ಷೆಗೆ ಬೇಡವಾದ ಹುಲಿಗೆಜ್ಜಿ ನಾನು, ಅವತ್ತು ಹೊಸ್ತಿಲ ಮೇಲೆ ನಿಂತು ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದೆ. ಬೀದಿಯ ತಿರುವಿನಿಂದ ಉತ್ತರ ಬಂತು: "ಆಲೋ ದಾದಾ, ಆಲೋ!" ಖಾನಾಪುರದ ಕಾಕಾ ಹೆಂಡತಿಯ ಜೊತೆ ನಡೆದು ಬಂದು ಆ ಎಲೆಗೆ ಕೂತರು. ದೊಡ್ಡಪ್ಪ ನಡುಗುವ ಎಡಗೈಯಿಂದ ತಾವೇ ತುಪ್ಪ ಬಡಿಸಿದರು. ಅನ್ನಕ್ಕೆ ಬಿದ್ದಷ್ಟೇ ನೆಲಕ್ಕೂ ಬಿತ್ತು. ಯಾರೂ ಒರೆಸಲು ಹೋಗಲಿಲ್ಲ.

ಊಟ ಮುಗಿದು ಕೈ ತೊಳೆಯುವಲ್ಲಿ ಕಾಕಾನನ್ನು ಕೇಳಿದೆ. ಅವತ್ತು ನಿಮಗೆ ಕೇಳಿಸಿದ ದನಿ ಮುದುಕರದಲ್ಲವೇ, ದೊಡ್ಡ ಗಂಟಲಿನವರದು? ಅವರು ನನ್ನ ಮುಖವನ್ನೇ ನೋಡಿದರು.

"ಇಲ್ಲ ತಂಗಿ. ಹೆಂಗಸಿನ ದನಿ ಅದು. ಯಾರದಂತ ಇಷ್ಟ ದಿನಾ ತಿಳದಿದ್ದಿಲ್ಲ. ಈಗ ನೀ ಬಾಗಲದಾಗ ನಿಂತು ಕರದಿ ನೋಡು, ಅದಽ ದನಿ."

ತಮ್ಮ ಪಕ್ಕದಲ್ಲೇ ಇದ್ದ. ಖಾನಾಪುರದಲ್ಲಿ ಆ ಹೊತ್ತಿಗೆ ನಾನು ತುಟಿ ಬಿಚ್ಚಿರಲಿಲ್ಲ ಎಂದು ಅವನು ಆಣೆ ಮಾಡಿ ಹೇಳಿದ. ನನಗೂ ಅದು ಚೆನ್ನಾಗಿ ನೆನಪಿದೆ. ವರದಿಗೆ ಕಾರಣ ಕೊಡಬಲ್ಲೆ, ಆ ಕೂಗಿಗೆ ಕೊಡಲಾರೆ. ಅದು ಕೇಳಿಸಿದಾಗ ನನ್ನ ಬಾಯಲ್ಲಿ ಆ ಮನೆಯ ಮೊದಲ ತುತ್ತು ಇತ್ತು.