ತೊಳೆದಿಟ್ಟ ಸಾಮಾನಿಗೆ ಗಿರಾಕಿ ಇಲ್ಲ

ಕ್ಲೈವ್ ಸೊಂಟ ಮುರಿದುಕೊಂಡದ್ದು ಮನೆಯ ಮೆಟ್ಟಿಲ ಮೇಲೆ. ಕೆಳಗಿನ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲವೆಂದು ಮನೆಯೊಳಗೆ ನಿಲ್ಲಿಸುವ ಒಂದು ಹಳೇ ದೀಪದ ಕಂಬವನ್ನು ತಬ್ಬಿಕೊಂಡು ಮೇಲಕ್ಕೆ ಸಾಗಿಸುತ್ತಿದ್ದ. ದೀಪದ ಕಂಬಕ್ಕೆ ಏನೂ ಆಗಲಿಲ್ಲ.

ಅವನ ಹೆಂಡತಿ ಡೋರೀನ್ ನಾಟಿಂಗ್‌ಹ್ಯಾಮ್ ಪಕ್ಕದ ಒಂದು ಸಣ್ಣ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಹಾಕಿ ನಿವೃತ್ತಳಾದವಳು. ಅವಳು ಉಜ್ಜಿದ ಪಾತ್ರೆಯಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಂಥವಳಿಗೆ ಇಂಥ ಗಂಡ. ಚಳಿ ಕಳೆದು ಹುಲ್ಲು ಒಣಗಿದ್ದೇ ತಡ, ಪ್ರತಿ ಭಾನುವಾರ ಕ್ಲೈವ್ ಊರಾಚೆಯ ಹೊಲದಲ್ಲಿ ಸೇರುವ ಡಿಕ್ಕಿ ಸಂತೆಗೆ ಹೊರಟುಬಿಡುತ್ತಿದ್ದ. ಮನೆಯಲ್ಲಿ ಬೇಡವಾದದ್ದನ್ನೆಲ್ಲ ಕಾರಿನ ಡಿಕ್ಕಿಗೆ ತುಂಬಿಕೊಂಡು ಬಂದು, ಡಿಕ್ಕಿ ತೆರೆದು, ಅಲ್ಲೇ ಮುಂದೆ ಹರವಿಕೊಂಡು ಜನ ಮಾರುತ್ತಾರೆ. ಊರಿಗೆಲ್ಲ ಬೇಡವಾದದ್ದು ಕ್ಲೈವನಿಗೆ ಬೇಕಾಗುತ್ತಿತ್ತು. ನಡೆಯದ ಗಡಿಯಾರ, ರಾಣಿಯ ಚಿತ್ರದ ಬಿಸ್ಕತ್ತಿನ ಡಬ್ಬಿ, ಮುದುಕನ ಮುಖದ ಆಕಾರದ ಜಗ್ಗು, ಹಿತ್ತಾಳೆ ಕುದುರೆ, ಕಾಲು ನೆನೆಸಿಕೊಳ್ಳುವ ಕರೆಂಟಿನ ತೊಟ್ಟಿ, ಹೀಗೆ ಕೆಳಗೆ ಬೀದಿ ಕಡೆಯ ಕೋಣೆ ಕಿಟಕಿಯ ಮಟ್ಟಕ್ಕೆ ತುಂಬಿತ್ತು. ಡೋರೀನ್ ಅದರ ಬಾಗಿಲು ಮುಚ್ಚಿ, ಅಲ್ಲೊಂದು ಕೋಣೆಯಿದೆ ಎಂಬುದನ್ನೇ ಮರೆತು ಬಾಳುತ್ತಿದ್ದಳು.

ಈಗ ಮರೆಯುವ ಹಾಗಿರಲಿಲ್ಲ. ಇನ್ನು ಕೆಲವು ತಿಂಗಳು ಇವನು ಮೆಟ್ಟಿಲು ಹತ್ತುವಂತಿಲ್ಲ, ಮಂಚ ಕೆಳಗಿನ ಕೋಣೆಯಲ್ಲೇ ಆಗಬೇಕು, ಮಂಗಳವಾರ ನಾವೇ ಮಂಚ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. ಜಾಗ ಇಲ್ಲದಿದ್ದರೆ ನಡೆಯಲು ಬರುವತನಕ ಬೇರೆ ಊರಿನ ಆರೈಕೆ ಮನೆಗೆ ಕಳಿಸುವುದಾಗಿಯೂ ಹೇಳಿದ್ದರು. ಆ ಮಾತು ಕೇಳಿ ಕ್ಲೈವನ ಮುಖ ಬಿಳಿಚಿಕೊಂಡದ್ದನ್ನು ಡೋರೀನ್ ನೋಡಿದಳು. ಆಸ್ಪತ್ರೆ ಸೇರುವತನಕ ಆ ಮನುಷ್ಯ ಒಂದು ರಾತ್ರಿಯೂ ಅವಳನ್ನು ಬಿಟ್ಟು ಬೇರೆ ಕಡೆ ಮಲಗಿದವನಲ್ಲ.

ಕೊನೆಗೆ ಸೂರು ನೋಡುತ್ತ ಅವನೇ ಹೇಳಿದ:

"ಮಾರ್ಬಿಡು. ಬೇಕು ಅನ್ನೋರ ಕೈಗೆ ಹೋಗ್ಲಿ, ನಂಗೇನೂ ಬೇಜಾರಿಲ್ಲ. ಆದ್ರೆ ಕಸಕ್ಕೆ ಮಾತ್ರ ಹಾಕ್ಬೇಡ ಕಣೆ. ಒಂದನ್ನೂ ಹಾಕ್ಬೇಡ."

"ಹಾಕಲ್ಲ," ಎಂದಳು ಡೋರೀನ್.

ಮಾತು ಕೊಡುವುದು ಸುಲಭ. ಧರ್ಮಕ್ಕೆ ಕೊಟ್ಟ ಸಾಮಾನು ಮಾರುವ ಅಂಗಡಿಗಳಿಗೆ ಹೋಗಿ ಕೇಳಿದಳು. ಒಬ್ಬರು ಕರೆಂಟಿನದು ಬೇಡವೆಂದರು, ಇನ್ನೊಬ್ಬರು ಪಿಂಗಾಣಿ ಬೇಡವೇ ಬೇಡವೆಂದರು, ಮೂರನೆಯವಳು ಬಾಗಿಲಲ್ಲೇ ನಿಂತು ಇವಳ ಕೈಯಲ್ಲಿದ್ದ ಜಗ್ಗನ್ನು ನೋಡಿ ನಿಟ್ಟುಸಿರು ಬಿಟ್ಟಳು. ಉಳಿದದ್ದು ಒಂದೇ ಭಾನುವಾರ, ಒಂದೇ ಸಂತೆ. ಅಲ್ಲಿಂದ ಬಂದದ್ದು ಅಲ್ಲಿಗೇ ಹೋಗಲಿ ಎಂದು ಡೋರೀನ್ ತೋಳೇರಿಸಿದಳು.

ವಾರವೆಲ್ಲ ತೊಳೆದಳು. ಗಡಿಯಾರದ ಗಾಜು ಒರೆಸಿದಳು, ಕುದುರೆಗಳನ್ನು ಫಳಫಳ ಹೊಳೆಯಿಸಿದಳು, ಡಬ್ಬಿಯ ಮೂಲೆಯ ತುಕ್ಕನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದಳು. ಒಂದೊಂದಕ್ಕೂ ದುಂಡಗೆ ಬೆಲೆ ಬರೆದ ಚೀಟಿ ಅಂಟಿಸಿದಳು. ಬಿಳಿ ಮೇಜುಬಟ್ಟೆಗೆ ಇಸ್ತ್ರಿ ಹಾಕಿದಳು. ಭಾನುವಾರ ಬೆಳಕು ಹರಿಯುವ ಮೊದಲೇ ಎಲ್ಲವನ್ನೂ ಕ್ಲೈವನ ಹಳೇ ವ್ಯಾನಿಗೆ ತುಂಬಿ, ಗೇರು ಕಿರುಗುಟ್ಟಿಸುತ್ತ ಹೊಲ ತಲುಪಿದಳು.

ಸಂತೆ ನೋಡಿಕೊಳ್ಳುವ ಹಳದಿ ಜಾಕೀಟಿನವನು ಕೈ ಬೀಸಿ ತೋರಿಸಿದ ಕಡೆ ವ್ಯಾನು ನಿಲ್ಲಿಸಿದಳೋ ಇಲ್ಲವೋ, ಎಲ್ಲಿದ್ದರೋ ಏನೋ, ಅಗ್ಗಕ್ಕೆ ಕೊಂಡು ಬೇರೆಡೆ ಮಾರುವ ನಾಲ್ಕಾರು ಗಂಡಸರು ಟಾರ್ಚು ಹಿಡಿದು ಮುತ್ತಿಕೊಂಡರು. ಇವಳಿನ್ನೂ ಸೀಟಿನಿಂದ ಇಳಿದಿಲ್ಲ, ಹಿಂದಿನ ಬಾಗಿಲು ಯಾರೋ ತೆಗೆದಾಗಿತ್ತು. ಚಿನ್ನ ಇದೆಯಾ, ಯುದ್ಧದ ಪದಕ ಇದೆಯಾ, ಹಳೇ ಕ್ಯಾಮೆರಾ ಇದೆಯಾ ಎಂದು ಕೇಳುತ್ತ ಅವಳ ಪೆಟ್ಟಿಗೆಗಳ ಮೇಲೆ ಬೆಳಕು ಬಿಟ್ಟರು. ಸುತ್ತಿಟ್ಟ ಬಿಳಿ ಬಟ್ಟೆ, ಅಂಟಿಸಿದ ಚೀಟಿ ಕಂಡದ್ದೇ ಒಬ್ಬ "ಏನೂ ಇಲ್ಲ ಬನ್ರೋ" ಅಂದ, ಎಲ್ಲರೂ ಪಕ್ಕದ ಕಾರಿನ ಮೇಲೆ ಬಿದ್ದರು. ತನ್ನ ಮನೆಯ ಬದುಕನ್ನೆಲ್ಲ ಒಂದು ಗಳಿಗೆಯಲ್ಲಿ ನೋಡಿ ಮೂಗು ಮುರಿದ ಹಾಗಾಯಿತು ಡೋರೀನ್‌ಗೆ. ನಿನ್ನೆಯವರೆಗೂ ಆ ರಾಶಿಯನ್ನು ಬೈಯುತ್ತಿದ್ದವಳೇ ಈಗ ಅದರ ಪರವಾಗಿ ಸಿಟ್ಟಾದಳು.

ಬೆಳಕಾಯಿತು. ಗೋಡೆಗೆ ಕಾಗದ ಅಂಟಿಸುವವರ ಮಡಚುವ ಮೇಜನ್ನು ಬಿಡಿಸಿ, ಬಿಳಿ ಬಟ್ಟೆ ಹಾಸಿ, ಎಲ್ಲವನ್ನೂ ಸಾಲಾಗಿ ಜೋಡಿಸಿದಳು. ಜಗ್ಗಿನ ಮುದುಕರೆಲ್ಲ ಒಂದೇ ಕಡೆ ಮುಖ ಮಾಡಿ ಕೂತರು. ಜನ ಬಂದರು. ಬೆನ್ನ ಹಿಂದೆ ಕೈ ಕಟ್ಟಿಕೊಂಡು ನೋಡಿದರು. ಚೆನ್ನಾಗಿದೆ ಎಂದು ತಲೆದೂಗಿ ಮುಂದೆ ಹೋದರು.

ಕೊಳ್ಳದಿದ್ದರೆ ಹೋಗಲಿ, ಮಾತು ಬೇರೆ. ಒಬ್ಬಳು ಬಿಸ್ಕತ್ತಿನ ಡಬ್ಬಿಯನ್ನು ಎದೆಗವಚಿಕೊಂಡು, ಇಂಥದ್ದೇ ನಮ್ಮಜ್ಜಿಯ ಮನೆಯಲ್ಲಿತ್ತು, ಅದರಲ್ಲಿ ಗುಂಡಿ ಇಡುತ್ತಿದ್ದಳು ಎಂದು ಅಜ್ಜಿಯ ಕಥೆಯನ್ನೆಲ್ಲ ಹೇಳಿ ಡಬ್ಬಿಯನ್ನು ಅಲ್ಲೇ ಇಟ್ಟು ಹೋದಳು. ಐವತ್ತು ಪೆನ್ನಿಯ ಜಗ್ಗನ್ನು ಒಬ್ಬ ಇಪ್ಪತ್ತಕ್ಕೆ ಕೇಳಿದ. ಡೋರೀನ್ ನಲವತ್ತು ಎಂದದ್ದಕ್ಕೆ, ಮನೆ ಮಾರಿ ಕೊಡಲೇ ಎಂಬಂತೆ ನೋಡಿ ಹೋದ. ಕೆಂಪು ಟೊಪ್ಪಿಗೆಯ ಹೆಂಗಸೊಬ್ಬಳು ಅದೇ ಜಗ್ಗನ್ನು ತಿರುಗಿಸಿ ತಿರುಗಿಸಿ ನೋಡಿ, ಇಂಥದ್ದು ಎಲ್ಲ ಕಡೆ ಸಿಗುತ್ತೆ ಎಂದು ತನಗೆ ತಾನೇ ಹೇಳಿಕೊಂಡು ಇಟ್ಟಳು. ಇನ್ನೊಬ್ಬನಿಗೆ ಸಾಮಾನು ಯಾವುದೂ ಬೇಡ, ಅದರ ಕೆಳಗಿನ ಮೇಜು ಬೇಕಂತೆ. ಮೇಜು ಮಾರುವುದಿಲ್ಲ ಎಂದಾಗ, ಹಾಗಿದ್ದರೆ ನೀವು ಚಹಾ ಕುಡಿಯುತ್ತಿರುವ ಆ ಫ್ಲಾಸ್ಕಿಗೆ ಎಷ್ಟು ಎಂದು ಕೇಳಿದ.

ಹತ್ತಿರದ ಗಾಡಿಯಿಂದ ಹುರಿದ ಹಂದಿಮಾಂಸ ಇಟ್ಟ ಬನ್ನಿನ ಘಮ ಬರುತ್ತಿತ್ತು. ಡೋರೀನ್ ಹಸಿದಿದ್ದಳು, ಆದರೆ ಏನಾದರೂ ಮಾರುವತನಕ ತಿನ್ನಬಾರದೆಂದು ಹಟ ಹಿಡಿದಿದ್ದಳು. ಮಂಗಳವಾರ ಮಂಚ ಹೊತ್ತು ತಂದವರು ಬಾಗಿಲಲ್ಲಿ ನಿಂತು, ಒಳಗೆ ಇಣುಕಿ, ತಲೆಯಾಡಿಸಿ, ಮಂಚವನ್ನು ಮತ್ತೆ ಲಾರಿಗೆ ಏರಿಸುವುದು ಅವಳ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಪಕ್ಕದಲ್ಲಿ ಡಿಕ್ಕಿ ತೆರೆದು ಕೂತವನು ನೆವಿಲ್ ಎಂಬ ದಪ್ಪ ಮನುಷ್ಯ, ಈ ಸಂತೆಯಲ್ಲೇ ತಲೆ ನರೆತವನು. ಅವನ ಸಾಮಾನೆಲ್ಲ ಬಾಳೆಹಣ್ಣು ಬರುವ ರಟ್ಟಿನ ಪೆಟ್ಟಿಗೆಗಳಲ್ಲಿ ನೆಲದ ಮೇಲೆ ಸುರಿದಂತೆ ಬಿದ್ದಿತ್ತು. ಧೂಳು, ಜೇಡರ ಬಲೆ, ಯಾರದೋ ಒಂಟಿ ಬೂಟು. ಅಲ್ಲಿ ಮಾತ್ರ ಜನ ಮಂಡಿಯೂರಿ ಕೂತು ಕೈ ಹಾಕಿ ಕೆದಕುತ್ತಿದ್ದರು. ನೆವಿಲ್ ಬನ್ನು ಕಚ್ಚುತ್ತ ಬಹಳ ಹೊತ್ತಿನಿಂದ ಇವಳನ್ನೇ ಗಮನಿಸುತ್ತಿದ್ದ.

"ಇದು ಕ್ಲೈವನ ವ್ಯಾನಲ್ವಾ?" ಎಂದು ಕೊನೆಗೆ ಕೇಳಿದ. ಹೌದು, ನಾನವನ ಹೆಂಡತಿ ಎಂದು ಡೋರೀನ್ ಹೇಳಿದಳು. ಸೊಂಟ, ಮಂಚ, ಮಂಗಳವಾರ, ಕೊಟ್ಟ ಮಾತು ಎಲ್ಲವನ್ನೂ ಹೇಳಿದಳು.

ನೆವಿಲ್ ಬೆರಳು ನೆಕ್ಕಿ ಎದ್ದು ಬಂದ. ಮೇಜಿನ ಮೇಲಿದ್ದದ್ದರಲ್ಲಿ ಅರ್ಧ ಅವನೇ ಕ್ಲೈವನಿಗೆ ಮಾರಿದ್ದು. ಅದನ್ನೆಲ್ಲ ಗುರುತು ಹಿಡಿದು, ನೆಂಟರನ್ನು ಕಂಡಂತೆ ನಕ್ಕ.

"ಎಂಥಾ ಕೆಲಸ ಮಾಡಿದ್ದೀಯಮ್ಮ. ತೊಳ್ದುಬಿಟ್ಟಿದ್ದೀಯಲ್ಲ."

"ತೊಳೀದೆ ತರ್ಬೇಕಿತ್ತಾ?"

"ಮತ್ತೆ? ಹಿಂಗೆ ಜೋಡ್ಸಿಟ್ರೆ ಜನ ಏನಂದ್ಕೋತಾರೆ ಹೇಳು. ಇವಳಿಗೆ ಬೆಲೆ ಗೊತ್ತು, ಇಲ್ಲಿ ಲಾಭ ಇಲ್ಲ ಅಂತಾರೆ. ಇಲ್ಲಿಗೆ ಯಾರೂ ಕೊಳ್ಳೋಕೆ ಬರಲ್ಲ ಕಣಮ್ಮ, ಹುಡ್ಕೋಕೆ ಬರ್ತಾರೆ. ನೀನೇ ಹುಡ್ಕಿ ಎದುರಿಗೆ ಇಟ್ಬಿಟ್ರೆ ಅವ್ರಿಗೇನು ಉಳೀತು?"

ಅವನು ತನ್ನ ಖಾಲಿ ಪೆಟ್ಟಿಗೆಗಳನ್ನು ತಂದು ಹುಲ್ಲಿನ ಮೇಲಿಟ್ಟ. ಚೀಟಿಗಳನ್ನು ಕಿತ್ತುಹಾಕಲು ಹೇಳಿದ. ಕುದುರೆಯನ್ನು ಅಡಿಯಲ್ಲಿ ಹಾಕು, ಮೇಲೆ ಏನಾದರೂ ಕೆಲಸಕ್ಕೆ ಬಾರದ್ದನ್ನು ಹಾಕು, ಕೈ ಹಾಕಿ ತೆಗೆಯಲಿ ಎಂದ. ಡೋರೀನ್ ಮೇಜುಬಟ್ಟೆಯ ಅಂಚು ಹಿಡಿದು ನಿಂತಳು. ಶಾಲೆಯ ಅಡುಗೆಮನೆಯಲ್ಲಿ ಚಮಚ ಓರೆಯಾಗಿಟ್ಟವರನ್ನು ಬೈದವಳು ಅವಳು. ಒಂದು ವಾರದ ದುಡಿಮೆಯನ್ನು ತನ್ನ ಕೈಯಾರೆ ಕೆಡಿಸಲು ಮನಸ್ಸು ಒಪ್ಪಲಿಲ್ಲ. ಆದರೆ ಕ್ಲೈವನ ಬಿಳಿಚಿದ ಮುಖ ನೆನಪಾಯಿತು. ಕಣ್ಣು ಮುಚ್ಚಿಕೊಂಡು ಬಟ್ಟೆಯನ್ನು ಎಳೆದು, ಎಲ್ಲವನ್ನೂ ಪೆಟ್ಟಿಗೆಗಳಿಗೆ ಕಲಸುಮೇಲೋಗರ ಮಾಡಿ ತುಂಬಿದಳು. ನೆವಿಲ್ ಕಾಲಿನಿಂದ ಒಂದಿಷ್ಟು ಒಣಹುಲ್ಲು ಸರಿಸಿ ಮೇಲೆ ಹಾಕಿದ. ಅದನ್ನು ಮಾತ್ರ ಅವಳು ನೋಡಲಾರದೆ ಬೇರೆ ಕಡೆ ತಿರುಗಿದಳು.

ತಿರುಗಿ ಮತ್ತೆ ಈ ಕಡೆ ನೋಡುವುದರೊಳಗೆ ಒಬ್ಬ ಮಂಡಿಯೂರಿದ್ದ.

ಅವನ ಬೆನ್ನು ನೋಡಿ ಇನ್ನೊಬ್ಬಳು ಕೂತಳು. ಇಬ್ಬರನ್ನು ನೋಡಿ ಏನೋ ಸಿಕ್ಕಿರಬೇಕೆಂದು ಮತ್ತಿಬ್ಬರು ಬಂದರು. ಹಿತ್ತಾಳೆ ಕುದುರೆಯನ್ನು ಹೊರತೆಗೆದವನು ಅದನ್ನು ಕೋಟಿನ ಮರೆಗೆ ಹಿಡಿದು, ಇದು ಹಾಗೇ ಸುಮ್ಮನೆ ಕೇಳ್ತಿದ್ದೀನಿ, ಎಷ್ಟು ಎಂದು ಪಿಸುಗುಟ್ಟಿದ. ನೆವಿಲ್ ಆಚೆಯಿಂದ ಹುಬ್ಬು ಹಾರಿಸಿದ. ಡೋರೀನ್‌ಗೆ ಬುದ್ಧಿ ಬಂತು.

"ಅಯ್ಯೋ, ಅದು ಅಲ್ಲಿತ್ತಾ?" ಎಂದಳು.

ಆ ಒಂದು ಮಾತು ಆಮೇಲೆ ಅವಳಿಗೆ ಬಾಯಿಪಾಠವಾಯಿತು. ಗಡಿಯಾರ ತೆಗೆದರೂ ಅದೇ ಮಾತು, ಡಬ್ಬಿ ತೆಗೆದರೂ ಅದೇ ಮಾತು. ಕೇಳಿದವರ ಮುಖ ಅರಳುತ್ತಿತ್ತು. ಕೆಂಪು ಟೊಪ್ಪಿಗೆಯವಳು ತಿರುಗಿ ಬಂದು, ಹುಲ್ಲು ಸರಿಸಿ, ಬೆಳಿಗ್ಗೆ ಐವತ್ತು ಪೆನ್ನಿಗೆ ಬೇಡವೆಂದ ಅದೇ ಜಗ್ಗನ್ನು ಹೊರಗೆಳೆದು, ಕೇಳುವ ಮೊದಲೇ ಪೂರಾ ನೂರು ಪೆನ್ನಿಯ ಒಂದು ಪೌಂಡು ಕೈಗಿಟ್ಟು ಗಂಡನನ್ನು ಎಳೆದುಕೊಂಡು ಹೋದಳು. ಮೇಜಿನ ಮೇಲಿದ್ದಾಗ ಇಂಥದ್ದು ಎಲ್ಲ ಕಡೆ ಸಿಗುತ್ತೆ ಅಂದವಳೇ, ಈಗ ನೋಡು ಎಂಥದ್ದು ಸಿಕ್ತು ಎಂದು ಗಂಡನಿಗೆ ಹೇಳುತ್ತಿದ್ದಳು. ಡೋರೀನ್ ನಗು ತಡೆಯಲಾರದೆ ವ್ಯಾನಿನ ಹಿಂದೆ ಹೋಗಿ ನಕ್ಕು ಬಂದಳು. ಆಮೇಲೆ ಗಾಡಿಗೆ ಹೋಗಿ ಒಂದು ಬನ್ನು ತಂದು ನಿಂತೇ ತಿಂದಳು. ಹೋಗಿಬರುವ ದಾರಿಯಲ್ಲಿ ಯಾರದೋ ಡಿಕ್ಕಿಯ ಮುಂದೆ, ಹಾಸಿಗೆಯ ಮೇಲೆ ಕೂತು ಉಣ್ಣಲು ಆಗುವ, ಕಾಲಿರುವ ತಟ್ಟೆಯೊಂದು ಕಂಡಿತು. ಮನೆಗೆ ಇನ್ನೊಂದು ಸಾಮಾನು ತರಬಾರದೆಂದು ಎರಡು ಸಲ ಮುಂದೆ ಹೋಗಿ, ಮೂರನೇ ಸಲ ಕೊಂಡೇಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಹೊಲ ತೆಳುವಾಯಿತು. ಕಾರುಗಳು ಒಂದೊಂದೇ ಹುಲ್ಲಿನ ಮೇಲೆ ಜಾರುತ್ತ ಹೊರಟವು. ಡೋರೀನಳ ಪೆಟ್ಟಿಗೆಗಳೆಲ್ಲ ಬರಿದಾಗಿದ್ದವು. ಉಳಿದದ್ದು ಒಂದೇ. ಹಳೇ ಕೈ ಹೊಲಿಗೆ ಯಂತ್ರದ ಮರದ ಮುಚ್ಚಳ. ಯಂತ್ರವಿಲ್ಲ, ಬರೀ ಮುಚ್ಚಳ. ಇದಕ್ಕೆ ಸರಿಯಾದ ಯಂತ್ರ ಒಂದಲ್ಲ ಒಂದು ದಿನ ಸಿಗುತ್ತೆ ಎಂದು ಕ್ಲೈವ್ ತಂದಿಟ್ಟು ಯಾವ ಕಾಲವಾಯಿತೋ. ಇಡೀ ದಿನ ಎಷ್ಟೋ ಜನ ಅದನ್ನೆತ್ತಿ ಕೆಳಗೆ ನೋಡಿದ್ದರು. ಏನೂ ಇಲ್ಲದ್ದು ಕಂಡು ಹಾಗೇ ಇಟ್ಟಿದ್ದರು. ಐದು ಪೆನ್ನಿಗೆಂದಳು, ಸುಮ್ಮನೆ ಒಯ್ಯಿರೆಂದಳು. ಸುಮ್ಮನೆ ಅಂದದ್ದೇ ಜನ ಹೆದರಿ ದೂರ ಸರಿದರು.

ಹೊಲದ ಬಾಗಿಲ ಹತ್ತಿರ ಕಸಕ್ಕೆಂದು ದೊಡ್ಡ ಕಬ್ಬಿಣದ ತೊಟ್ಟಿ ಇಟ್ಟಿದ್ದರು. ಡೋರೀನ್ ಮುಚ್ಚಳವನ್ನು ಕಂಕುಳಲ್ಲಿಟ್ಟುಕೊಂಡು ಅದರ ಮುಂದೆ ನಿಂತಳು. ಒಂದು ಮುಚ್ಚಳ ಇಟ್ಟರೆ ಮಂಚಕ್ಕೇನೂ ಜಾಗ ಕಡಿಮೆಯಾಗದು. ಆದರೆ ಒಂದು ಇದ್ದರೆ ಅದರ ಜೊತೆಗೆ ಇನ್ನೊಂದು ಬರುತ್ತದೆ, ಅದು ಅವಳಿಗೆ ಗೊತ್ತು. ಹಾಕಿಬಿಟ್ಟರೆ ಕ್ಲೈವನಿಗೆ ತಿಳಿಯುವುದಿಲ್ಲ, ಕೇಳಿದರೆ ಮಾರಿದೆ ಎನ್ನಬಹುದು. ತೊಟ್ಟಿಯ ಅಂಚಿನ ಮೇಲೆ ಇಟ್ಟಳು. ತಳ್ಳಲು ಬೆರಳು ಸಾಕಿತ್ತು. ಬೆರಳು ಹೋಗಲಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯನಿಗೆ ಸುಳ್ಳು ಹೇಳಿದವಳಲ್ಲ, ಇಂಥ ಮರದ ಡಬ್ಬಕ್ಕಾಗಿ ಶುರುಮಾಡುವುದೇ ಎನ್ನಿಸಿತು.

ಹೊರಡುತ್ತಿದ್ದ ನೆವಿಲ್ ಕಾರು ನಿಲ್ಲಿಸಿ ಕಿಟಕಿ ಇಳಿಸಿದ.

"ಅದೇನು ಅಲ್ಲಿ? ಮುಚ್ಚಳಾನಾ? ಕೊಡು ಇಲ್ಲಿ."

"ನಿಂಗ್ಯಾಕೆ ಇದು? ಯಾರಿಗೂ ಬೇಡ."

"ಯಾರಿಗೂ ಬೇಡ ಅಂದ್ರೆ? ನಾನೇ ಅಲ್ವಾ ಅವ್ನಿಗೆ ಮಾರಿದ್ದು. ನಡೆಯೋಕೆ ಬಂದ್ಮೇಲೆ ಮೊದಲ್ನೇ ಭಾನುವಾರ ಬಂದು ಮತ್ತೆ ತಗೊಂಡೇ ತಗೋತಾನೆ. ಇನ್ನೊಬ್ಬ ಅಂಥಾ ಗಿರಾಕಿ ನಂಗೆಲ್ಲಿ ಸಿಗ್ತಾನಮ್ಮ?"

ಡೋರೀನ್ ಕಿಟಕಿಯೊಳಗೆ ಮುಚ್ಚಳ ಕೊಟ್ಟಳು. ಮತ್ತೆ ಮನೆಗೆ ಬರುತ್ತದೆ, ಬರಲಿ. ಅದು ಬರಬೇಕಾದರೆ ಅವನು ತನ್ನ ಕಾಲ ಮೇಲೆ ನಡೆದು ಹೊಲಕ್ಕೆ ಹೋಗಿರಬೇಕಲ್ಲ.

ಆಸ್ಪತ್ರೆಯಲ್ಲಿ ಕ್ಲೈವ್ ದಿಂಬಿಗೆ ಒರಗಿ ಕಾದಿದ್ದ. ಯಾವುದು ಯಾರ ಕೈಗೆ ಹೋಯಿತು ಎಂದು ಒಂದೊಂದನ್ನೇ ಕೇಳಿದ. ಅವಳು ಒಂದೊಂದನ್ನೇ ಹೇಳಿದಳು. ಗಡಿಯಾರಗಳನ್ನು ಒಯ್ದವನ ಕೈ ನಡುಗುತ್ತಿತ್ತು ಎಂದಳು, ಹಾಗಾದರೆ ರಿಪೇರಿ ಗೊತ್ತಿದ್ದವನಲ್ಲ, ಆದರೂ ಪರವಾಗಿಲ್ಲ ಎಂದ. ಒಣಹುಲ್ಲಿನ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ, ನಕ್ಕು ಸೊಂಟ ನೋಯಿತೆಂದು ಬೈದ. ಮುಚ್ಚಳ ನೆವಿಲನ ಹತ್ತಿರ ಇದೆ ಎಂದಾಗ ಅವಳ ಕಡೆ ತಿರುಗಿದ.

"ಕಸಕ್ಕೆ ಯಾವುದೂ ಹೋಗ್ಲಿಲ್ವಾ?"

"ಯಾವುದೂ ಹೋಗ್ಲಿಲ್ಲ," ಎಂದಳು ಡೋರೀನ್, ಅವನ ಕಣ್ಣನ್ನೇ ನೋಡುತ್ತ. ಅವನು ಅವಳ ಕೈ ಹಿಡಿದುಕೊಂಡೇ ನಿದ್ದೆ ಹೋದ.

ಸಂಜೆ ಮನೆಗೆ ಬಂದು ಆ ಕೋಣೆಯ ಬಾಗಿಲು ತೆರೆದಳು. ಹೆಜ್ಜೆಯ ಸದ್ದು ಗೋಡೆಗೆ ತಾಗಿ ಹಿಂದಕ್ಕೆ ಬಂತು. ಕಿಟಕಿಯಿಂದ ಬೀದಿ ಕಾಣುತ್ತಿತ್ತು, ಎದುರು ಮನೆಯ ಗುಲಾಬಿ, ಅಂಚೆಯವನು ಬರುವ ದಾರಿ ಎಲ್ಲವೂ. ತಲೆದಿಂಬು ಈ ಕಡೆ ಬಂದರೆ ಅವನು ಇಡೀ ದಿನ ಹೋಗಿಬರುವವರನ್ನು ನೋಡಿಕೊಂಡಿರಬಹುದು. ಇಷ್ಟು ಖಾಲಿ ಕೋಣೆ ನೋಡಿದರೆ ಮನಸ್ಸು ಬಿಕೋ ಅನ್ನಬಹುದೇನೋ ಎಂದು ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಅನ್ನಲಿಲ್ಲ. ಖುಷಿಯೇ ಆಯಿತು. ಬಕೆಟ್ಟಿಗೆ ಬಿಸಿನೀರು ತುಂಬಿ, ತೋಳೇರಿಸಿ, ನೆಲ ಒರೆಸಲು ಕೂತಳು. ಇಲ್ಲಿ ಮಾತ್ರ ಎಷ್ಟು ತಿಕ್ಕಿದರೂ ಬೇಡವೆನ್ನುವವರು ಯಾರೂ ಇರಲಿಲ್ಲ.