ಆಲ್ಪ್ಸ್ ಬೆಟ್ಟದಲ್ಲಿ ಮಗಳ ಕೈಬಿಡದ ಕೃಷ್ಣ

ಹೋದ ಆಷಾಢದಲ್ಲಿ ನನ್ನ ಮಗಳು ಮೈಥಿಲಿ ಆಲ್ಪ್ಸ್ ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ಜಜ್ಜಿಕೊಂಡಳು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಮೂಳೆ ಮುರಿದಿಲ್ಲವೆಂದು ಹೊಲಿಗೆ ಹಾಕಿ ಕಳುಹಿಸಿದರು. ಮರುದಿನ ಮತ್ತೆ ಬೆಟ್ಟ ಹತ್ತಬೇಕಿತ್ತು. ಭಕ್ತಬಾಂಧವರೇ, ಆ ದಿನ ನಾನು ಪಟ್ಟ ಪಾಡು, ಕೃಷ್ಣ ತೋರಿದ ಕರುಣೆ ಎರಡನ್ನೂ ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ.

ನಾವು ಉಡುಪಿ ಕಡೆಯವರು. ಕೋಲ್ಕತ್ತದ ಜಾದವ್‌ಪುರದಲ್ಲಿ ಪುಟ್ಟ ಹೋಟೆಲ್ ನಡೆಸುತ್ತೇವೆ. ಬಂದವರಿಗೆ ಏನು ಬೇಕೆಂದು ಕೇಳುವ ಮೊದಲೇ ಮುಂದೆ ನೀರಿನ ಲೋಟ ಇಡುವುದು ನಮ್ಮ ಪದ್ಧತಿ. ಚಿಕ್ಕಂದಿನಲ್ಲಿ ಆ ಕೆಲಸ ಮೈಥಿಲಿಯದು. ಈಗ ಅವಳು ಹೊರದೇಶದ ತಂಡವೊಂದರಲ್ಲಿ ಸೈಕಲ್ ಓಟಗಾರ್ತಿ. ವಾರವಿಡೀ ನಡೆಯುವ ಓಟ. ಇವತ್ತು ಮುಟ್ಟಿದ ಊರಿನಿಂದ ನಾಳೆ ಇನ್ನೊಂದು ಊರಿಗೆ. ಅಬ್ಬಬ್ಬಾ, ಆ ಹೆಣ್ಣುಮಕ್ಕಳ ಧೈರ್ಯವೇ ಧೈರ್ಯ!

ಓಟ ಶುರುವಾದ ದಿನ ನಾನು ತುಪ್ಪದ ದೀಪ ಹಚ್ಚಿ, ಮಗಳೇ ಮೊದಲು ಬರಲಿ ಎಂದು ಬೇಡಿಕೊಂಡೆ. ಫೋನಿನಲ್ಲಿ ಹೇಳಿದರೆ ಅವಳು ನಕ್ಕುಬಿಟ್ಟಳು.

"ಅಮ್ಮಾ, ಉಲ್ಟಾ ಪ್ರೇಯರ್ ಮಾಡ್ಬಿಟ್ಟೆ! ಗೆಲ್ಲೋದು ನಮ್ಮ ಲೀಡರ್. ಹಿಂದೆ ಬರೋ ನಮ್ಮ ಟೀಮಿನ ಕಾರಿಂದ ನೀರಿನ ಬಾಟಲಿ ತಂದು ಟೀಮಿಗೆ ಕೊಡೋದು, ಅವಳಿಗೆ ಎದುರುಗಾಳಿ ತಾಗದ ಹಾಗೆ ಮುಂದೆ ಹೋಗೋದು, ಅದೇ ನನ್ನ ಜಾಬ್."

ನನ್ನ ಮುಖ ಸಣ್ಣದಾಯಿತು. ಅಷ್ಟು ದೂರ ಹೋಗಿಯೂ ನೀರು ಕೊಡುವ ಕೆಲಸವೇ?

ಅಲ್ಲೊಂದು ನಿಯಮ. ಮೊದಲು ಮುಟ್ಟಿದವರಿಗಿಂತ ತೀರಾ ತಡವಾಗಿ ಬಂದವರನ್ನು ಅಲ್ಲಿಗೇ ಮನೆಗೆ ಕಳುಹಿಸುತ್ತಾರೆ. ಹಾಗಾದರೆ ತಂಡ ಮುಂದಿನ ವರ್ಷ ಅವಳನ್ನು ಇಟ್ಟುಕೊಳ್ಳುವುದೂ ಅನುಮಾನ. ಅವಳು ಬಿದ್ದ ಮರುದಿನ ಸಂಜೆ ನಾನು ದಕ್ಷಿಣೇಶ್ವರದ ದೇವಸ್ಥಾನಕ್ಕೆ ಹೋಗಿ, ಅಮ್ಮನವರ ದರ್ಶನ ಮಾಡಿ, ಪಕ್ಕದ ರಾಧಾಕೃಷ್ಣರ ಗುಡಿಯಲ್ಲಿ ಕೈಮುಗಿದೆ. "ಗೆಲುವು ಬೇಡ ದೇವರೇ. ಹೊತ್ತು ಮೀರುವ ಮೊದಲು ಮುಟ್ಟಿಸಿಬಿಡು, ಸಾಕು."

ವಾಪಸು ಬರುವಾಗ ಮೆಟ್ರೊದಲ್ಲಿ ಮೊಬೈಲಿನಲ್ಲಿ ಓಟದ ನೇರಪ್ರಸಾರ ತೆರೆದರೆ ಮಗಳು ಕಂಡಳು. ಎಲ್ಲರಿಗಿಂತ ಹಿಂದೆ, ಒಬ್ಬಳೇ. ಅವಳ ಬೆನ್ನಿಗೇ ಆಂಬುಲೆನ್ಸ್. ಅಷ್ಟರಲ್ಲಿ ರೈಲು ಸುರಂಗಕ್ಕಿಳಿದು ನೆಟ್‌ವರ್ಕ್ ಹೋಯಿತು. ನಾಚಿಕೆ ಬಿಟ್ಟು ಅತ್ತೆ. ಪಕ್ಕದ ಬಂಗಾಳಿ ಹೆಂಗಸು "ಕೀ ಹೊಲೊ ದೀದಿ?" ಎಂದು ಕೈ ಹಿಡಿದುಕೊಂಡರು. ಏನಾಯಿತೆಂದು ನನಗೇ ಗೊತ್ತಿಲ್ಲ, ಅವರಿಗೇನು ಹೇಳಲಿ? ಹೊರಬಂದು ನೋಡಿದರೆ ಪ್ರಸಾರವೇ ಮುಗಿದಿತ್ತು.

ಆಟೋ ಹಿಡಿದು ಹೋಟೆಲ್ ಮುಟ್ಟುವಾಗ ನಮ್ಮವರು ದೋಸೆ ಕಾವಲಿಯ ಮುಂದೆ ಫೋನ್ ಹಿಡಿದು ನಿಂತಿದ್ದರು. "ಬಂದ್ಳು ಮಾರಾಯ್ತಿ! ಟೈಮಿನ ಒಳಗೇ ಬಂದ್ಳು. ಅಳುದೆಂತಕ್ಕೆ? ತಕೋ, ಮಾತಾಡು."

ಮೈಥಿಲಿಗೆ ಇನ್ನೂ ಏದುಸಿರು. "ಅಮ್ಮಾ, ನನ್ ಕಥೆ ಮುಗೀತು ಅಂದ್ಕೊಂಡೆ. ಬೇರೆ ಟೀಮಿನ ಹುಡುಗಿ ಒಬ್ಳು ತಿರುಗಿ ನೋಡಿ ಸ್ಲೋ ಮಾಡಿದ್ಳು. ನಂಗೆ ಗಾಳಿ ತಾಗದ ಹಾಗೆ ಮುಂದೆ ಹೋಗ್ತಾ ಮೇಲಿನ ತನಕ ಕರ್ಕೊಂಡು ಬಂದ್ಳು."

"ಬೇರೆ ಟೀಮಿನವಳು ನಿನ್ನನ್ನು ಎಂತಕ್ಕೆ ಕಾದದ್ದು?"

"ಮೊನ್ನೆ ಬಿಸಿಲಲ್ಲಿ ಅವಳ ಬಾಟಲಿ ಖಾಲಿ ಆಗಿತ್ತು. ನನ್ನ ನೀರು ಕೊಟ್ಟಿದ್ದೆ. ನಮ್ಮಲ್ಲಿ ಫಸ್ಟ್ ನೀರು, ಆಮೇಲೆ ಮಾತು, ಅಲ್ವಾ ಅಮ್ಮಾ?"

ನಾನು ಬೇಡುವ ಮೊದಲೇ ಕೃಷ್ಣ ನನ್ನ ಮಗಳ ಕೈಯಿಂದಲೇ ದಾರಿ ಮಾಡಿಟ್ಟಿದ್ದ. ಅವನ ಪಾದಕ್ಕೆ ಎಷ್ಟು ನಮಸ್ಕಾರ ಮಾಡಿದರೂ ಸಾಲದು.

ಮೈಥಿಲಿ ಓಟ ಮುಗಿಸಿದಳು, ತಂಡದಲ್ಲೇ ಉಳಿದಳು. ಈ ಬೇಸಿಗೆಯಲ್ಲಿ ಅವಳ ಹೆಸರಿನಲ್ಲಿ ಹೋಟೆಲ್ ಎದುರು ಅರವಟ್ಟಿಗೆ ಇಟ್ಟು, ದಾರಿಹೋಕರಿಗೆಲ್ಲ ನೀರು, ಮಜ್ಜಿಗೆ ಕೊಡುತ್ತಿದ್ದೇವೆ. ಕುಡಿದವರು ಮಗಳು ಏನು ಮಾಡುತ್ತಾಳೆ ಎಂದು ಕೇಳಿದರೆ, ಈಗ ತಲೆಯೆತ್ತಿ ಹೇಳುತ್ತೇನೆ: ನೀರು ಕೊಡುತ್ತಾಳೆ.